ಎಡಗಡೆಯ ಸೀಟು

ಹರಿಹರದ ಹೊಳೆ ದಂಡೆಯಲ್ಲಿ ಒಂದು ತಗಡಿನ ಶೆಡ್ಡಿತ್ತು. ಶೆಡ್ಡಿನಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಆಶ್ರಮ ಅನ್ನುವುದಕ್ಕೆ ಇಷ್ಟು ಸಾಕು. ಜಿಂಕೆ, ಬಳ್ಳಿ, ಪರ್ಣಕುಟಿ ಇರಲೇಬೇಕು ಅಂತ ಯಾರೂ ಬರೆದಿಟ್ಟಿಲ್ಲ.

ಅಲ್ಲಿ ಕಲಿಸುತ್ತಿದ್ದ ವಿದ್ಯೆ ಒಂದೇ. ಕಾರಿನ ಬಾಗಿಲಲ್ಲಿ ಕಂಪನಿಯವರು ಕೂರಿಸಿ ಕಳಿಸಿದ ಸ್ಪೀಕರನ್ನು ಬಿಚ್ಚುವುದು, ಅಂಗಡಿಯಿಂದ ತಂದ ಒಳ್ಳೆಯ ಸ್ಪೀಕರನ್ನು ಅದೇ ಜಾಗದಲ್ಲಿ ಕೂರಿಸುವುದು.

ಗುರುವಿನ ಹೆಸರು ಮೌನೇಶಾಚಾರ್ರು. ಬಡಗಿ ಮನೆತನದವರು, ಎಪ್ಪತ್ತು ದಾಟಿದವರು, ಹೆಸರಿಗೆ ತಕ್ಕಂತೆ ಮಾತು ಕಮ್ಮಿ. ಊರಿನ ಅರ್ಧ ಕಾರುಗಳು ಅವರ ಕೈಯಲ್ಲೇ ಹಾಡು ಕಲಿತಿದ್ದವು. ಅವರ ಸ್ವಂತಕ್ಕೆ ಒಂದು ಸೈಕಲ್ಲು, ಅದರ ಬೆಲ್ಲೂ ಕೆಟ್ಟಿತ್ತು.

ಶಿಷ್ಯ ತಿಪ್ಪೇಶಿ. ವಯಸ್ಸು ಮೂವತ್ತೆಂಟು. ಟೆಂಪೋ ಓಡಿಸುವುದನ್ನು ಬಿಟ್ಟು ಶೆಡ್ಡಿಗೆ ಬಂದು ಏಳು ವರ್ಷವಾಗಿತ್ತು.

ಆ ಶೆಡ್ಡಿನಲ್ಲಿ ವಿದ್ಯೆ ಮುಗಿಯಿತು ಅನ್ನುವುದಕ್ಕೆ ಒಂದು ಗುರುತಿತ್ತು. ಆಚಾರ್ರು ತೇಗದ ಒಂದು ಪುಟ್ಟ ಡಬ್ಬಿ ಕೆತ್ತಿ, ಅದರೊಳಗೆ ಒಂದು ಟಾರ್ಚಿನ ಸೆಲ್ಲು, ಎರಡು ತುಂಡು ವೈರು ಇಟ್ಟು ಕೊಡುತ್ತಿದ್ದರು. ಸೆಲ್ಲಿನ ವೈರನ್ನು ಸ್ಪೀಕರಿಗೆ ತಾಗಿಸಿದರೆ ಅದರ ಎದೆ ಒಮ್ಮೆ ಮುಂದಕ್ಕೆ ಜಿಗಿಯಬೇಕು. ಹಿಂದಕ್ಕೆ ಸರಿದರೆ ವೈರು ತಿರುವುಮುರುವಾಗಿದೆ ಅಂತ ಅರ್ಥ. ಅಂಥ ಡಬ್ಬಿ ಪಡೆದವರು ಈವರೆಗೆ ಮೂರೇ ಜನ.

ಡಬ್ಬಿ ಬೇಕಾದರೆ ಶಿಷ್ಯ ತನ್ನದೇ ಗಾಡಿಗೆ ತಾನೇ ಸ್ಪೀಕರ್ ಕೂರಿಸಬೇಕು. ಗುರು ಅದರೊಳಗೆ ಕೂತು, ಬಾಗಿಲು ಹಾಕಿಕೊಂಡು, ಒಂದು ಹಾಡು ಪೂರ್ತಿ ಕೇಳಬೇಕು. ಅಷ್ಟೇ ಪರೀಕ್ಷೆ.

ತಿಪ್ಪೇಶಿಯ ಡಬ್ಬಿ ಕೆತ್ತಿ ಆಗಿತ್ತು. ಎರಡು ವರ್ಷದಿಂದ ಶೆಡ್ಡಿನ ಗೋಡೆಯ ಗೂಡಿನಲ್ಲೇ ಕೂತಿತ್ತು. ಮನೆಯಲ್ಲಿ ಕಾಯುವವರು ಯಾರೂ ಇಲ್ಲದ ಮನುಷ್ಯನಿಗೆ ಅದೊಂದು ಡಬ್ಬಿಯೇ ಆಸೆ. ದಿನಾ ಬೆಳಿಗ್ಗೆ ಬಂದವನು ಮೊದಲು ಗೂಡಿನ ಕಡೆಗೇ ನೋಡುತ್ತಿದ್ದ.

ಒಂದು ಸೋಮವಾರ ಅವನು ತನ್ನ ಬಿಳಿ ಕಾರನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ.

"ಗುರುಗಳೇ, ಆತು. ಕೇಳಿ ಹೇಳ್ರಿ."

ಆಚಾರ್ರು ಕೈ ಒರೆಸಿಕೊಂಡು ಎದ್ದರು. ಕಾರಿನ ಮುಂದಿನಿಂದ ಸುತ್ತಿ ಎಡಗಡೆಗೆ ಹೋದರು.

"ಆ ಕಡೆ ಅಲ್ಲ ಗುರುಗಳೇ. ಸ್ಟೇರಿಂಗ್ ಕಡೆ ಕುಂದ್ರಿ."

"ಅಲ್ಲಿ ನೀನು ಕುಂದ್ರತೀಯಲ್ಲ," ಅಂದರು ಆಚಾರ್ರು.

ಎಡಗಡೆಯ ಸೀಟು ಬಹಳ ಮುಂದಕ್ಕಿತ್ತು. ಎತ್ತರದ ಆಳು ಅವರು, ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು.

"ಸೀಟು ಹಿಂದಕ್ಕೆ ಸರಿಸ್ಕೊಳ್ರಿ."

ಅವರು ಸರಿಸಿಕೊಳ್ಳಲಿಲ್ಲ. ಬಾಗಿಲು ಹಾಕಿಕೊಂಡು ಕಣ್ಣು ಮುಚ್ಚಿದರು.

ತಿಪ್ಪೇಶಿ ಗಾಜಿನ ಹೊರಗೆ ನಿಂತ. ಒಳಗೆ ಹಾಡು ನಡೆದಿತ್ತು, ಹೊರಗೆ ಹೊಳೆಯ ಗಾಳಿ ಮಾತ್ರ. ಒಂದು ಹಾಡು ಅಷ್ಟು ಉದ್ದ ಇರುತ್ತದೆ ಅಂತ ಅವನಿಗೆ ಅವತ್ತೇ ತಿಳಿದದ್ದು.

ಆಚಾರ್ರು ಇಳಿದರು.

"ಹೆಂಗೈತಿ ಗುರುಗಳೇ?"

"ನೀನು ಯಾರನ್ನ ಕೂಡಿಸ್ಕೊಂಡು ಓಡಾಡ್ತಿ?"

"ಯಾರನ್ನೂ ಇಲ್ಲ. ಒಬ್ಬನೇ."

"ಹಂಗೇ ಐತಿ," ಅಂದರು ಆಚಾರ್ರು. ಹೋಗಿ ಮತ್ತೆ ಸ್ಪೀಕರಿಗೆಂದು ಕೊಯ್ಯುತ್ತಿದ್ದ ಪ್ಲೈವುಡ್ಡಿನ ಮುಂದೆ ಕೂತರು.

ಡಬ್ಬಿ ಗೂಡಿನಲ್ಲೇ ಉಳಿಯಿತು.

ತಿಪ್ಪೇಶಿಗೆ ಸಿಟ್ಟು ಬಂತು. ಕೆಲಸದಲ್ಲಿ ಒಂದು ಹುಳುಕು ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದ. ಹುಳುಕು ಇರಲೂ ಇಲ್ಲ. ಸ್ಟೇರಿಂಗ್ ಮುಂದೆ ಕೂತು ಕೇಳಿದರೆ ಹಾಡುವವಳು ಎದುರಿಗೆ ಬಂದು ನಿಂತ ಹಾಗಿತ್ತು. ಅದಕ್ಕೊಂದು ಉಪಾಯವಿದೆ. ಬಾಗಿಲಿನ ದೊಡ್ಡ ಸ್ಪೀಕರು ಕೊಡುವುದು ದಪ್ಪ ದನಿ. ಮಾತಿನ ಅಕ್ಷರಗಳನ್ನು ಬಿಡಿಸಿ ಕೇಳಿಸುವುದು ಮುಂದಿನ ಗಾಜಿನ ಪಕ್ಕ ಕೂರಿಸುವ, ಲಿಂಬೆಹಣ್ಣಿಗಿಂತ ಚಿಕ್ಕ ಸ್ಪೀಕರು. ಅದು ಯಾರ ಕಡೆ ನೋಡುತ್ತದೋ ಅವರಿಗೆ ಹಾಡು, ಉಳಿದವರಿಗೆ ಬರೀ ಗುಂಯ್. ತಿಪ್ಪೇಶಿ ಎಡದ್ದು, ಬಲದ್ದು ಎರಡನ್ನೂ ತನ್ನ ಕಡೆಗೇ ತಿರುಗಿಸಿಕೊಂಡಿದ್ದ. ಇದಕ್ಕೂ ಮೊದಲು ಆ ಕಾರಿನಲ್ಲಿದ್ದ ಸ್ಪೀಕರುಗಳನ್ನೂ ಹಾಗೇ ಕೂರಿಸಿದ್ದ.

ನಾಲ್ಕು ವರ್ಷದ ಹಿಂದೆ ಆ ಎಡಗಡೆಯ ಸೀಟಿನಲ್ಲಿ ಅವನ ಹೆಂಡತಿ ಗಂಗಾಂಬಿಕೆ ಕೂರುತ್ತಿದ್ದಳು.

"ನನ್ನ ಕಡೆ ಏನೂ ತಿಳಿಯಂಗಿಲ್ಲ. ಬರೀ ಗುಂಯ್ ಅಂತತಿ," ಅಂತ ಅವಳು ಒಮ್ಮೆ ಹೇಳಿದ್ದಳು.

"ಅದು ಡ್ರೈವರ್ ಸೀಟಿಗೆ ಅಂತ ಮಾಡಿದ್ದು," ಅಂತ ಅವನು ವಿವರವಾಗಿ ತಿಳಿಸಿ ಹೇಳಿದ್ದ. ಅವಳು ಮತ್ತೆ ಕೇಳಲಿಲ್ಲ.

ಆಮೇಲೆ ಒಂದು ದಿನ ಹಿರಿಯೂರಿನ ಅಣ್ಣನ ಮನೆಗೆ ಹೋದವಳು ಅಲ್ಲೇ ಉಳಿದಳು, ಹೊಲಿಗೆ ಹಿಡಿದಳು. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ನಾಲ್ಕು ಹಿರಿಯರು ಕೂತು ರಾಜಿಯಾದರೂ ಮಾಡಿಸುತ್ತಿದ್ದರು. ಈಗ ಹಬ್ಬಕ್ಕೊಂದು ಫೋನು. ಊಟ ಆತಾ, ಆತು, ನಿಮ್ದು, ಆತು. ಇಷ್ಟಾದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡೇ ಇರುತ್ತಿದ್ದರು.

ಆ ವಾರವೇ ವತ್ಸಲಾಬಾಯಿ ಬಂದರು. ಅಂಚೆ ಕಚೇರಿಯಿಂದ ನಿವೃತ್ತರಾದವರು, ಒಂದು ಚಿಕ್ಕ ನೀಲಿ ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಕಂಪನಿ ಸ್ಪೀಕರಿನ ಕಾಗದ ಹರಿದು ಹಾಡೆಲ್ಲ ಜರ್ರನೆ ಕೇಳುತ್ತಿತ್ತು.

ಬಂದ ಗಿರಾಕಿಗಳಿಗೆಲ್ಲ ಆಚಾರ್ರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. ಅವರಿಗೂ ಅದನ್ನೇ ಕೇಳಿದರು.

"ಗಾಡ್ಯಾಗ ಯಾರ್ಯಾರು ಕುಂದ್ರತೀರಮ್ಮ?"

ಅವರು ಸ್ವಲ್ಪ ತಡೆದು ಹೇಳಿದರು. "ಇಬ್ಬರು."

ಆಚಾರ್ರ ಆ ಪ್ರಶ್ನೆ ಕ್ಷೌರದಂಗಡಿಯ ಮಾತಿನಂಥದ್ದು, ಗಿರಾಕಿಗೆ ಬೇಜಾರಾಗದಿರಲಿ ಅಂತ ಆಡುವುದು ಎಂದೇ ಏಳು ವರ್ಷದಿಂದ ತಿಪ್ಪೇಶಿ ತಿಳಿದಿದ್ದ.

ಆಚಾರ್ರು ದಾವಣಗೆರೆಗೆ ಹಲಗೆ ತರಲು ಹೊರಟರು. ಹೊರಡುವಾಗ ತಿಪ್ಪೇಶಿಗೆ ಹೇಳಿದರು.

"ಇಬ್ಬರು ಅಂದಾರ. ನೆನಪಿಟ್ಕೋ."

ತಿಪ್ಪೇಶಿ ಮನಸ್ಸಿಟ್ಟು ಕೆಲಸ ಮಾಡಿದ. ಬಾಗಿಲಿನ ಹಲಗೆಯನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಚ್ಚಿದ, ಒಂದು ಕ್ಲಿಪ್ಪೂ ಮುರಿಯಲಿಲ್ಲ. ಹಳೆಯ ಸ್ಪೀಕರುಗಳನ್ನು ಪೇಪರಿನಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿಟ್ಟ. ಬಿಚ್ಚಿದ್ದನ್ನು ಒಡೆಯರಿಗೇ ಕೊಡಬೇಕು ಅನ್ನುವುದು ಆ ಶೆಡ್ಡಿನ ಪದ್ಧತಿ.

ಎಡಗಡೆಯ ಸೀಟಿನ ಮುಂದೆ ಒಂದು ಜೊತೆ ಗಂಡಸರ ಚಪ್ಪಲಿ ಇದ್ದವು. ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು ಕೂತಿತ್ತು. ಸೀಟ್ ಬೆಲ್ಟು ಎಷ್ಟೋ ಕಾಲದಿಂದ ಯಾರೂ ಎಳೆಯದೆ ಬಿರುಸಾಗಿತ್ತು.

ಇಲ್ಲಿ ಯಾರೂ ಕೂರುವುದಿಲ್ಲ ಅಂತ ತಿಪ್ಪೇಶಿಗೆ ಖಾತ್ರಿಯಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಕೆಲಸಕ್ಕೆ ಅಡ್ಡ ಬರುತ್ತಿದ್ದ ಚಪ್ಪಲಿಗಳನ್ನು ಒಂದು ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಟ್ಟ. ಎರಡೂ ಚಿಕ್ಕ ಸ್ಪೀಕರುಗಳನ್ನು ವತ್ಸಲಾಬಾಯಿಯ ಕಿವಿಗೇ ನೇರ ತಿರುಗಿಸಿದ. ಪಾಪ, ಒಬ್ಬರೇ ಇರುವವರು, ಚೆನ್ನಾಗಿ ಕೇಳಲಿ ಅಂತಲೇ ಮಾಡಿದ್ದು.

ಒಂಬತ್ತನೆಯ ದಿನ ನೀಲಿ ಕಾರು ಮತ್ತೆ ಬಂತು.

"ಏನಾತಮ್ಮ? ಶಬ್ದ ಬರ್ತತೇನು?" ತಿಪ್ಪೇಶಿ ಕೇಳಿದ.

"ಇಲ್ಲಪ್ಪ. ಬಹಳ ಚೆನ್ನಾಗಿ ಕೇಳ್ತದೆ."

"ಮತ್ತೇನು?"

ವತ್ಸಲಾಬಾಯಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಹಾಡು ಹಾಕಿದ ಕೂಡಲೇ ಗಾಡಿಯಲ್ಲಿ ನಾನೊಬ್ಬಳೇ ಇದ್ದೀನಿ ಅನ್ನಿಸ್ತದೆ. ಹಳೇ ಸ್ಪೀಕರಿನಲ್ಲಿ ಹಾಗನ್ನಿಸ್ತಿರಲಿಲ್ಲ."

"ನೀವು ಇರೋದೂ ಒಬ್ಬರೇ ಅಲ್ಲೇನಮ್ಮ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಂಥ ಮಾತು ಅಂತ ಅವನಿಗೆ ಗೊತ್ತಾಯಿತು. ವತ್ಸಲಾಬಾಯಿ ಕನ್ನಡಕ ಹಾಕಿಕೊಂಡು ಹೊಳೆಯ ಕಡೆ ನೋಡಿದರು.

ಆಚಾರ್ರು ಒಳಗಿನಿಂದ ಎದ್ದು ಬಂದರು. ಕಾರಿನ ಎಡಬಾಗಿಲು ತೆರೆದು ನೋಡಿದರು. ಚಪ್ಪಲಿಗಳು ಮೊದಲಿನ ಜಾಗಕ್ಕೇ ಬಂದು ಕೂತಿದ್ದವು. ಧೂಳು ಒರೆಸಿತ್ತು.

"ನೂಲು ತಾ," ಅಂದರು ತಿಪ್ಪೇಶಿಗೆ.

ಅದು ಬಡಗಿಗಳ ನೂಲು, ಸುಣ್ಣದ ಪುಡಿ ಹಚ್ಚಿದ್ದು. ಆಚಾರ್ರು ವತ್ಸಲಾಬಾಯಿಯನ್ನು ಸ್ಟೇರಿಂಗ್ ಮುಂದೆ ಕೂರಿಸಿದರು.

"ಅವರು ಎಷ್ಟು ಎತ್ತರ ಇದ್ರಮ್ಮ?" ಅಂತ ಕೇಳಿದರು.

ವತ್ಸಲಾಬಾಯಿ ತಮ್ಮ ಎಡಕ್ಕೆ ಗಾಳಿಯಲ್ಲಿ ಕೈ ಎತ್ತಿ ಒಂದು ಕಡೆ ನಿಲ್ಲಿಸಿದರು. ಯೋಚನೆ ಮಾಡಲಿಲ್ಲ, ಹುಡುಕಲಿಲ್ಲ. ಕೈ ತಾನಾಗಿ ಹೋಗಿ ಅಲ್ಲಿ ನಿಂತಿತು.

ಆಚಾರ್ರು ಆ ಕೈಯಿಂದ ಅವರ ಕಿವಿಯವರೆಗೆ ನೂಲು ಹಿಡಿದರು. ನಡುಮಧ್ಯಕ್ಕೆ ಒಂದು ಗಂಟು ಹಾಕಿದರು. ಎರಡೂ ಚಿಕ್ಕ ಸ್ಪೀಕರುಗಳನ್ನು ಆ ಗಂಟಿನ ಕಡೆಗೆ ತಿರುಗಿಸಿ ಬಿಗಿ ಮಾಡಿದರು.

ವತ್ಸಲಾಬಾಯಿ ಬಾಗಿಲು ಹಾಕಿಕೊಂಡು ಹಾಡು ಹಾಕಿದರು. ಅರ್ಧ ಹಾಡಿಗೆ ಗಾಜು ಇಳಿಸಿದರು.

"ಇದು ಸರಿ," ಅಂದರು.

ಕಾರು ಸೇತುವೆಯ ಕಡೆ ಹೋಯಿತು. ಅದು ಕಣ್ಣಿಗೆ ಮರೆಯಾಗುವ ತನಕ ತಿಪ್ಪೇಶಿ ತಡೆದುಕೊಂಡ.

"ಗುರುಗಳೇ, ಅವರ ಸೀಟಿಗೆ ಕೇಳೋದು ಕಮ್ಮಿ ಆತಲ್ಲ."

"ಆತು."

"ಪಕ್ಕದಾಗ ಯಾರೂ ಇಲ್ಲ."

"ಇಬ್ಬರು ಅಂದ್ರಲ್ಲ."

"ಅದು ಖರೆ ಅಲ್ಲ ಗುರುಗಳೇ."

ಆಚಾರ್ರು ನೂಲನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

"ನೀನು ಒಬ್ಬನೇ ಅಂದಿ," ಅಂದರು. "ಅದು ಖರೇನಾ?"

ಅಮಾವಾಸ್ಯೆಯ ದಿನ ಶೆಡ್ಡಿಗೆ ರಜೆ. ಸಾಮಾನುಗಳಿಗೆ ಕುಂಕುಮ ಹಚ್ಚಿ, ಒಂದು ಕಾಯಿ ಒಡೆದು, ಆಚಾರ್ರು ಮನೆಗೆ ಹೋದರು. ತಿಪ್ಪೇಶಿ ಹೋಗಲಿಲ್ಲ. ತನ್ನ ಕಾರನ್ನು ಹೊಳೆಯ ಕಡೆ ಮುಖ ಮಾಡಿ ನಿಲ್ಲಿಸಿಕೊಂಡು ಎರಡೂ ಚಿಕ್ಕ ಸ್ಪೀಕರುಗಳನ್ನು ಸಡಿಲ ಮಾಡಿದ.

ನೂಲು ತಂದ. ಒಂದು ತುದಿ ತನ್ನ ಕಿವಿಯ ಹತ್ತಿರ ಹಿಡಿದ. ಇನ್ನೊಂದು ತುದಿ ಹಿಡಿಯುವವರು ಇರಲಿಲ್ಲ. ಎಡಗಡೆಯ ಸೀಟಿನ ತಲೆದಿಂಬಿಗೆ ಕಟ್ಟಿದ. ಕಟ್ಟಿದ ಮೇಲೆ ಅನುಮಾನ ಬಂತು.

ಗಂಗಾಂಬಿಕೆ ಕುಳ್ಳಿ. ಅದಕ್ಕೇ ಸೀಟು ಅಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ಅವನು ಆ ಸೀಟನ್ನು ಹಿಂದಕ್ಕೆ ಸರಿಸಿರಲಿಲ್ಲ. ಯಾಕೆ ಸರಿಸಲಿಲ್ಲ ಅಂತ ಯಾರಾದರೂ ಕೇಳಿದ್ದರೆ, ಮರೆತೆ ಅನ್ನುತ್ತಿದ್ದ.

ಅವಳ ಕಿವಿ ತಲೆದಿಂಬಿನಷ್ಟು ಎತ್ತರಕ್ಕೆ ಬರುತ್ತಿರಲಿಲ್ಲ. ಹಾಗಾದರೆ ಎಷ್ಟಕ್ಕೆ ಬರುತ್ತಿತ್ತು?

ಅವನು ಗಾಳಿಯಲ್ಲಿ ಕೈ ಎತ್ತಿದ. ವತ್ಸಲಾಬಾಯಿಯ ಕೈ ನಿಂತ ಹಾಗೆ ಅವನ ಕೈ ನಿಲ್ಲಲಿಲ್ಲ. ಮೇಲೆ ಹೋಯಿತು, ಕೆಳಗೆ ಬಂತು. ಎಂಟು ವರ್ಷ ಪಕ್ಕದಲ್ಲಿ ಕೂತವಳ ಕಿವಿ ಎಲ್ಲಿತ್ತು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ನಾಲ್ಕು ವರ್ಷದಲ್ಲಿ ಬಾರದಿದ್ದ ಅಳು ಬಂತು.

ಆಮೇಲೆ ಫೋನು ಮಾಡಿದ. ಹಬ್ಬವಲ್ಲದ ದಿನ ಫೋನು ಬಂದದ್ದಕ್ಕೆ ಗಂಗಾಂಬಿಕೆ ಗಾಬರಿಯಾದಳು.

"ಏನಾತು? ಆರಾಮದೀರಿಲ್ಲೋ?"

"ಅದೀನಿ. ಒಂದು ಕೇಳೋದಿತ್ತು."

"ಏನು?"

"ನೀನು ಗಾಡ್ಯಾಗ ಕುಂತ್ರೆ ನಿನ್ನ ಕಿವಿ ಎಲ್ಲಿಗೆ ಬರ್ತತಿ?"

ಆ ಕಡೆಯಿಂದ ಹೊಲಿಗೆ ಮೆಶಿನ್ನಿನ ಸದ್ದು ನಿಂತಿತು.

"ನೀವು ನೋಡಿಲ್ಲೇನು?" ಅಂದಳು.

"ಇಲ್ಲ," ಅಂದ.

ಅವನು ಫೋನು ಇಡಲಿಲ್ಲ, ಅವಳೂ ಇಡಲಿಲ್ಲ.

"ಬೆಲ್ಟು ಹೊರಗೆ ಬರೋ ಕೊಂಡಿ ಐತಲ್ಲ," ಕೊನೆಗೆ ಅವಳೇ ಹೇಳಿದಳು. "ಅದರ ಸಮಕ್ಕೆ ನನ್ನ ಕುತ್ತಿಗಿ. ಬೆಲ್ಟು ಯಾವಾಗಲೂ ಅಲ್ಲಿ ಕೊಯ್ತಿತ್ತು. ಅಲ್ಲಿಂದ ನಾಕು ಬೆರಳು ಮ್ಯಾಲೆ ಕಿವಿ."

"ಬೆಲ್ಟು ಕೊಯ್ತಿತ್ತಾ?"

"ಹೂಂ."

"ನೀನು ಹೇಳಲೇ ಇಲ್ಲ."

"ಹಾಡಿಂದು ಹೇಳಿದ್ನಲ್ಲ," ಅಂದಳು ಗಂಗಾಂಬಿಕೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಫೋನು ಇಟ್ಟ ಮೇಲೆ ಅವನು ಕೊಂಡಿಯ ಮೇಲೆ ನಾಲ್ಕು ಬೆರಳು ಅಳೆದ. ಹೊಲಿಗೆ ಮಾಡುವವಳ ಬೆರಳು ಸಣ್ಣವು ಅಂತ ನೆನಪಾಗಿ, ಒಂದು ಕೂದಲೆಳೆಯಷ್ಟು ಇಳಿಸಿದ. ಅಲ್ಲಿಗೆ ನೂಲು ಕಟ್ಟಿ, ನಡುವೆ ಗಂಟು ಹಾಕಿ, ಎರಡೂ ಚಿಕ್ಕ ಸ್ಪೀಕರುಗಳನ್ನು ಗಂಟಿಗೆ ತಿರುಗಿಸಿದ. ಬೆಲ್ಟಿನ ಕೊಂಡಿಯನ್ನೂ ಬಿಚ್ಚಿ ಒಂದು ತೂತು ಕೆಳಗಿಳಿಸಿ ಬಿಗಿದ. ಅದು ಕೆಳಗಿಳಿಯುತ್ತದೆ ಅಂತ ಅವನಿಗೆ ಮೊದಲಿಂದಲೂ ಗೊತ್ತಿತ್ತು.

ಹಾಡು ಹಾಕಿದ. ಹಾಡುವವಳು ಈಗ ಅವನ ಎದುರಿಗೆ ನಿಂತಿರಲಿಲ್ಲ, ಸ್ವಲ್ಪ ಎಡಕ್ಕೆ ಸರಿದಿದ್ದಳು. ಮೊದಲಿನಷ್ಟು ಚೆನ್ನಾಗಿರಲಿಲ್ಲ. ಅದು ಗೊತ್ತಿದ್ದೂ ಅವನು ಅದಕ್ಕೆ ಕೈ ಹಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಆಚಾರ್ರು ಸೈಕಲ್ಲಿನಿಂದ ಇಳಿಯುವಷ್ಟರಲ್ಲಿ ತಿಪ್ಪೇಶಿ ಕಾರಿನ ಎಡಬಾಗಿಲು ತೆರೆದು ನಿಂತಿದ್ದ. ಅವತ್ತು ಅವನು ಗೂಡಿನ ಕಡೆ ನೋಡಿರಲಿಲ್ಲ.

"ಗುರುಗಳೇ, ಮತ್ತೊಂದು ಸಲ ಕೇಳಿ ಹೇಳ್ರಿ."

ಆಚಾರ್ರು ಬಗ್ಗಿ ಒಳಗೆ ನೋಡಿದರು. ಮುಂದಕ್ಕೆ ಎಳೆದಿದ್ದ ಸೀಟು ನೋಡಿದರು. ಇಳಿಸಿದ್ದ ಕೊಂಡಿ ನೋಡಿದರು. ತಲೆದಿಂಬಿಗೆ ಇನ್ನೂ ಒಂದು ತುಂಡು ನೂಲು ಅಂಟಿಕೊಂಡಿತ್ತು. ಅದನ್ನು ತೆಗೆದು, ಹೆಗಲ ಮೇಲಿನ ಟವೆಲಿನಿಂದ ಸೀಟು ಒರೆಸಿ, ಬಾಗಿಲು ಹಾಕಿದರು.

"ನನ್ನ ಮಂಡಿಗೆ ಆ ಸೀಟು ಆಗೋದಿಲ್ಲ," ಅಂದರು. "ಕೇಳಿ ಹೇಳೋರು ಬ್ಯಾರೆ ಅದಾರ."

ಒಳಗೆ ಹೋಗಿ ಗೂಡಿನಿಂದ ಡಬ್ಬಿ ತಂದು ತಿಪ್ಪೇಶಿಯ ಕೈಯಲ್ಲಿಟ್ಟರು. ಎರಡು ವರ್ಷ ಕಾದ ಡಬ್ಬಿ. ಅದು ಕೈಗೆ ಬಂದಾಗ ಅವನು ಅದನ್ನು ತೆರೆದೂ ನೋಡಲಿಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡು, ಕಾರಿನ ಕೀಲಿ ಹಿಡಿದು, ಅಲ್ಲೇ ನಿಂತ.

"ಹಿರಿಯೂರು ಎಷ್ಟು ದೂರ?" ಆಚಾರ್ರು ಕೇಳಿದರು.

"ಎರಡೂವರೆ ತಾಸು."

"ಹೊತ್ತು ಏರೋದ್ರಾಗ ಮುಟ್ತಿ."

ತಿಪ್ಪೇಶಿ ಕಾರು ಹತ್ತಿದ. ಚಾಲೂ ಮಾಡಿದ. ಮತ್ತೆ ಗಾಜು ಇಳಿಸಿದ. ಏಳು ವರ್ಷದಲ್ಲಿ ಅವನು ಗುರುವಿಗೆ ನೂರು ಪ್ರಶ್ನೆ ಕೇಳಿದ್ದ, ಎಲ್ಲವೂ ವೈರು, ಸ್ಪೀಕರಿನದೇ. ಇದೊಂದು ಬೇರೆ. ಕೇಳಲು ಅವನಿಗೆ ಹೆದರಿಕೆಯಾಯಿತು.

"ಗುರುಗಳೇ, ಅವಳು ಬರಲಿಲ್ಲ ಅಂದ್ರೆ?"

ಆಚಾರ್ರು ಕಾರಿನ ಮುಂದಿನಿಂದ ಸುತ್ತಿ ಎಡಗಡೆಗೆ ಹೋದರು. ಗಾಜಿನ ಹೊರಗಿನಿಂದಲೇ ಆ ಬದಿಯ ಚಿಕ್ಕ ಸ್ಪೀಕರನ್ನು ಬೆರಳಿನಿಂದ ತೋರಿಸಿದರು.

"ಬರದಿದ್ರೂ, ಇದನ್ನ ಮತ್ತೆ ನಿನ್ನ ಕಡೆ ತಿರುಗಿಸ್ಕೋಬ್ಯಾಡ."